ಹಲಗೆಯ ಹಿಂದಿನ ಕುರ್ಚಿ

ಕಿರ್ಸ್ಟಿ ರೌಟಿಯೊ ಈಗ ಈ ಊರಿನಲ್ಲಿಲ್ಲ. ಎಲ್ಲಿದ್ದಾಳೆಂದು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಹೇಳಿದರೆ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಕಾಫಿ ಹೀರುವ ಹೆಂಗಸರ ನಾಲಿಗೆ ಅಲ್ಲಿಯವರೆಗೂ ಚಾಚುತ್ತದೆ. ಅಪ್ಪನನ್ನು ಮಣ್ಣು ಮಾಡಿದ ದಿನವೂ ಒಂದು ತೊಟ್ಟು ಕಣ್ಣೀರು ಹಾಕದ ಕಲ್ಲು ಹುಡುಗಿ ಎಂದು ಅವರು ಇವತ್ತಿಗೂ ಆಡಿಕೊಳ್ಳುತ್ತಾರೆ. ನಾನು ಸ್ಕೀ ಗುಡ್ಡದ ಅಡುಗೆಮನೆಯಲ್ಲಿ ಮಾಂಸ, ಗಡ್ಡೆ ತುಂಬಿದ ಪಾಸ್ಟಿ ಕಡುಬು ಬೇಯಿಸುವ ಲೆಂಪಿ. ಆ ಹುಡುಗಿ ಮೂಗು ಸುರಿಸಿಕೊಂಡು ನನ್ನ ಒಲೆಯ ಮುಂದೆ ಕೈಗವಸು ಒಣಗಿಸುತ್ತಿದ್ದ ಕಾಲದಿಂದ ಅವಳನ್ನು ಬಲ್ಲೆ. ಅವಳ ಮಾತು ಬಂದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಗುಡ್ಡ ಎಂದರೆ ನಮ್ಮಲ್ಲಿ ಒಂದೇ. ತಾಮ್ರದ ಗಣಿಗಳು ಮುಚ್ಚಿ ಅರ್ಧ ಊರು ಖಾಲಿಯಾದ ಮೇಲೆ ನಮಗೆ ಉಳಿದದ್ದು ಅದು, ಮತ್ತು ದೊಡ್ಡ ಸರೋವರದ ಕಡೆಯಿಂದ ವರ್ಷ ವರ್ಷ ಬಂದು ಸುರಿಯುವ ಹಿಮ. ಗುಡ್ಡ ಊರಿನದು, ನಡೆಸುವವರು ಕಾಲೇಜಿನ ಮಕ್ಕಳು. ನಮ್ಮ ಸಣ್ಣ ಕಾಲೇಜಿನಲ್ಲಿ ಗುಡ್ಡ ನಡೆಸುವುದೇ ಒಂದು ಓದು. ಬೆಳಿಗ್ಗೆ ತರಗತಿಯಲ್ಲಿ ಮೋಟರು, ಹವಾಮಾನ, ಕಾನೂನು, ಗಿರಾಕಿಗಳೊಂದಿಗೆ ಮಾತಾಡುವ ರೀತಿ, ಗಾಯಾಳುವನ್ನು ಹಲಗೆಗೆ ಕಟ್ಟಿ ಇಳಿಸುವ ಬಗೆ ಇವನ್ನೆಲ್ಲ ಕಲಿಯುತ್ತಾರೆ. ಮಧ್ಯಾಹ್ನ ಗುಡ್ಡಕ್ಕೆ ಬಂದು ಕಲಿತದ್ದನ್ನು ಮಾಡುತ್ತಾರೆ. ಬೇಸಿಗೆಯಲ್ಲಿ ಕಾಡಿನ ಸೈಕಲ್ ದಾರಿ, ದೋಣಿ, ಡೇರೆ. ಎರಡನೆಯ ವರ್ಷದ ಚಳಿಗಾಲದಲ್ಲಿ ಒಬ್ಬೊಬ್ಬರಿಗೂ ಸರದಿಯ ಮೇಲೆ ಒಂದೊಂದು ವಾರ ಗುಡ್ಡದ ಯಜಮಾನಿಕೆ. ಆ ವಾರ ಇಡೀ ಗುಡ್ಡ ಅವರು ಹೇಳಿದಂತೆ ನಡೆಯುತ್ತದೆ, ನಾನು ಏನು ಬೇಯಿಸಬೇಕು ಎನ್ನುವುದೊಂದನ್ನು ಬಿಟ್ಟು.

ಊರಿನವರಿಗೆ ಈ ಓದು ಮೊದಲಿಂದಲೂ ತಮಾಷೆಯ ವಸ್ತು. ಕಿರ್ಸ್ಟಿ ಸೇರಿದಾಗ ಅವಳಪ್ಪನ ಗೆಳೆಯ ಆರ್ವೊ ನನ್ನ ಕೌಂಟರಿನ ಮುಂದೆ ನಿಂತು ಅವಳ ಕಾಲೆಳೆದಿದ್ದ.

"ಜಾರೋದಕ್ಕೂ ಕಾಲೇಜು ಬೇಕೇನೇ? ನಾವೆಲ್ಲ ಸುಮ್ನೆ ಬಿದ್ದು ಬಿದ್ದು ಕಲಿತ್ವಿ."

"ನೀವು ಕಲ್ತಿದ್ದು ಬೀಳೋದನ್ನ, ಆರ್ವೊ ಅಂಕಲ್. ನೀವು ಬಿದ್ಮೇಲೆ ಏನ್ಮಾಡ್ಬೇಕು ಅಂತ ನಾವು ಕಲೀತಿರೋದು" ಎಂದಳು ಅವಳು. ಆರ್ವೊ ನಕ್ಕು ಅವಳ ಟೋಪಿಯನ್ನು ಕಣ್ಣಿನವರೆಗೆ ಎಳೆದುಬಿಟ್ಟ.

ಅವಳಪ್ಪ ಓನ್ನಿ ಈ ಗುಡ್ಡದ ಲಿಫ್ಟಿನವನು. ಕೆಳಗಿನ ಗುಡಿಸಲಿನ ಪಕ್ಕ ನಿಂತು, ತಂತಿಗೆ ತೂಗುತ್ತ ಸುತ್ತಿ ಬರುವ, ಇಬ್ಬರು ಕೂರುವ ಕುರ್ಚಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನಿಧಾನ ಮಾಡಿ, ಜನರನ್ನು ಕೂರಿಸಿ ಮೇಲಕ್ಕೆ ಕಳಿಸುವುದು ಅವನ ಕೆಲಸ. ಮೂವತ್ತು ಚಳಿಗಾಲ ಅದನ್ನೇ ಮಾಡಿದ. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಆದರೆ ಊರಿನ ಯಾವ ಮಗುವೂ ಅವನ ಕೈ ಮುಟ್ಟದೆ ಆ ಗುಡ್ಡ ಹತ್ತಿಲ್ಲ. ಹೆಂಡತಿ ಐಲಿ ಎದೆಯ ಕ್ಯಾನ್ಸರಿನಿಂದ ಹೋದಾಗ ಕಿರ್ಸ್ಟಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಆಮೇಲೆ ಶಾಲೆ ಬಿಟ್ಟ ತಕ್ಷಣ ಗುಡ್ಡಕ್ಕೆ ಬರುವುದು, ನನ್ನ ಅಡುಗೆಮನೆಯಲ್ಲಿ ತಿನ್ನುವುದು, ಅಪ್ಪನ ಕೆಲಸ ಮುಗಿಯುವವರೆಗೆ ಅಲ್ಲೇ ಓದುವುದು. ಅಕ್ಕ ಮಾರ್ನಿ ಅಷ್ಟರಲ್ಲಿ ಮದುವೆಯಾಗಿ ದೂರದ ಗ್ರೀನ್ ಬೇ ಊರು ಸೇರಿದ್ದಳು.

ದಿನದ ಕೊನೆಯಲ್ಲಿ ಲಿಫ್ಟು ಮುಚ್ಚುವುದಕ್ಕೆ ಒಂದು ಪದ್ಧತಿಯಿದೆ. ಕೊನೆಯ ಗಿರಾಕಿ ಹತ್ತಿದ ಮೇಲೆ ಕೆಳಗಿನವನು ಒಂದು ಖಾಲಿ ಕುರ್ಚಿಗೆ ಕೆಂಪು ಹಲಗೆ ತೂಗುಹಾಕುತ್ತಾನೆ. ಆ ಹಲಗೆ ಮೇಲೆ ತಲುಪಿತೆಂದರೆ ದಾರಿಯಲ್ಲಿ ಇನ್ನಾರೂ ಇಲ್ಲವೆಂದು ಅರ್ಥ. ಮೇಲಿನವನು ಲಿಫ್ಟು ನಿಲ್ಲಿಸುತ್ತಾನೆ. ಓನ್ನಿಯ ಕಾಲದಲ್ಲಿ ಇದಕ್ಕೊಂದು ಬಾಲವಿತ್ತು. ಹಲಗೆ ಕಟ್ಟಿದವನು ತಾನೇ ಅದರ ಹಿಂದಿನ ಕುರ್ಚಿಯಲ್ಲಿ ಕೂತು ಮೇಲೆ ಹೋಗುತ್ತಿದ್ದ. ಮೇಲಿನವನು ಅವನನ್ನು ಇಳಿಸಿಕೊಂಡು ಆಮೇಲೆ ನಿಲ್ಲಿಸುತ್ತಿದ್ದ. ಇಬ್ಬರೂ ಮೇಲಿನ ಗುಡಿಸಲಿಗೆ ಬೀಗ ಹಾಕಿ, ಯಾರಾದರೂ ಉಳಿದಿದ್ದಾರೆಯೇ ಎಂದು ಕೂಗುತ್ತ ಸ್ಕೀ ಮಾಡಿಕೊಂಡು ಕೆಳಗಿಳಿಯುತ್ತಿದ್ದರು. ಹಲಗೆಯ ಹಿಂದಿನ ಕುರ್ಚಿ ಲಿಫ್ಟಿನವನದು, ಬೇರೆ ಯಾರೂ ಅದಕ್ಕೆ ಆಸೆಪಡುವಂತಿರಲಿಲ್ಲ. ಇಡೀ ದಿನ ಬೇರೆಯವರನ್ನು ಕೂರಿಸಿದವನಿಗೆ ಸಿಗುತ್ತಿದ್ದದ್ದು ಆ ಒಂದು ಸವಾರಿ. ಓನ್ನಿ ಅದನ್ನು ಎಷ್ಟು ಇಷ್ಟಪಡುತ್ತಿದ್ದನೆಂದು ನನ್ನ ಕಿಟಕಿಯಿಂದ ನೋಡಿಯೇ ಬಲ್ಲೆ. ಕೂತ ತಕ್ಷಣ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

ಕಿರ್ಸ್ಟಿಯ ಮೊದಲ ವರ್ಷದಲ್ಲಿ ಅವರ ಮೇಷ್ಟ್ರು ಗ್ರೇಡಿ ಮಕ್ಕಳಿಗೆಲ್ಲ ಒಂದು ಕೆಲಸ ಕೊಟ್ಟ. ಈ ಗುಡ್ಡದಲ್ಲಿ ಅಪಾಯ ಎಲ್ಲಿದೆ ಎಂದು ಹುಡುಕಿ, ಅದನ್ನು ಸರಿಪಡಿಸುವ ನಿಯಮ ಮಾಡಬೇಕು. ಬೇರೆಯವರು ಕಂಬಕ್ಕೆ ಮೆತ್ತೆ ಸುತ್ತುವುದು, ಮೆಟ್ಟಿಲಿಗೆ ಉಪ್ಪು ಹಾಕುವುದು ಇಂಥದ್ದನ್ನು ಬರೆದರು. ಕಿರ್ಸ್ಟಿ ಅಪ್ಪನ ಕುರ್ಚಿಗೇ ಕೈ ಹಾಕಿದಳು. ಓನ್ನಿ ಆಗ ಕೆಲಸ ಬಿಟ್ಟು ಒಂದು ವರ್ಷವಾಗಿತ್ತು, ಆದರೂ ದಿನಾ ಬಂದು ನನ್ನ ಅಡುಗೆಮನೆಯ ಮೂಲೆಯಲ್ಲಿ ಪಾಸ್ಟಿಗೆ ಗಡ್ಡೆ ಸುಲಿದುಕೊಡುತ್ತಿದ್ದ. ಅಲ್ಲೇ ಅವನನ್ನು ಹಿಡಿದಳು.

"ಅಪ್ಪ, ನೀನು ಹಲಗೆ ಹಿಂದೆ ಕೂತು ಮೇಲೆ ಹೋಗ್ತಿದ್ಯಲ್ಲ, ಆಗ ಕೆಳಗಡೆ ಗುಂಡಿ ಒತ್ತಿ ನಿಲ್ಸೋಕೆ ಯಾರಿರ್ತಿದ್ರು?"

"ಯಾರೂ ಇಲ್ಲ."

"ದಾರೀಲಿ ನಿಂಗೇನಾದ್ರೂ ಆಗಿದ್ರೆ?"

"ಆಗ್ಲಿಲ್ವಲ್ಲ."

"ಆಗಿದ್ರೆ?"

ಓನ್ನಿ ಚಾಕು ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದ್ಯಾ ಲೆಂಪಿ, ಮೂವತ್ತು ವರ್ಷ ಕೂತ ಸೀಟು. ಮಗಳು ಕಾಲೇಜಿಗೆ ಸೇರಿ ಎರಡು ತಿಂಗಳಿಗೆ ಕಿತ್ಕೊಂಡ್ಳು" ಎಂದ. ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಆ ವರ್ಷ ನೋಡಿದ್ದು ಅದೊಂದೇ ಸಲ. "ಅವಳು ಹೇಳೋದು ಸರಿ ಕಣೇ. ನಮಗೆ ಇದು ಹೊಳೀಲೇ ಇಲ್ಲ."

ನಿಯಮ ಬದಲಾಯಿತು. ಹಲಗೆಯ ಹಿಂದೆ ಯಾರೂ ಕೂರುವಂತಿಲ್ಲ, ಕೆಳಗಿನವನು ಕೆಳಗೇ ಇರಬೇಕು, ಹಲಗೆ ಮೇಲೆ ಬಂದೊಡನೆ ಲಿಫ್ಟು ನಿಲ್ಲಬೇಕು. ಗ್ರೇಡಿ ಅದನ್ನು ಬೇರೆ ಊರುಗಳ ಗುಡ್ಡದವರಿಗೂ ತೋರಿಸಿ ಹೊಗಳಿಕೊಂಡ. ಓನ್ನಿ ಆರ್ವೊನ ಸೌನಾದಲ್ಲಿ, ಆ ಬಿಸಿ ಹಬೆಯ ಕೋಣೆಯಲ್ಲಿ, ಬೆವರು ಸುರಿಸುತ್ತ ವಾರಗಟ್ಟಲೆ ಅದೇ ಮಾತಾಡಿದನಂತೆ. ಆರ್ವೊಗೆ ಕೇಳಿ ಕೇಳಿ ಸಾಕಾಗಿತ್ತು.

ಆ ಬೇಸಿಗೆಯಲ್ಲಿ ಮರೆವು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ಐಲಿ ಸತ್ತಿದ್ದಾಳೆ ಎನ್ನುವುದು. ಒಂದು ದಿನ ಅವನ ಮನೆಗೆ ಹೋದರೆ ಓವನಿನಲ್ಲಿ ಅವನ ಬೂಟು ಬೇಯುತ್ತಿತ್ತು. ಕಿರ್ಸ್ಟಿ ಅವನನ್ನು ಒಬ್ಬನನ್ನೇ ಬಿಡುವಂತಿರಲಿಲ್ಲ, ಓದನ್ನೂ ಬಿಡುವಂತಿರಲಿಲ್ಲ. ಅದಕ್ಕೆ ಅವನನ್ನೂ ತರಗತಿಗೆ ಎಳೆದುಕೊಂಡು ಹೋದಳು. ದೋಣಿ ಪಾಠದಲ್ಲಿ ಅವನು ಗಿರಾಕಿಯ ಪಾತ್ರ ಮಾಡಿ ಮುಂದೆ ಕೂರುತ್ತಿದ್ದ. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಇಡೀ ತರಗತಿ ಅವನ ಕೈಕಾಲಿನ ಮೇಲೆ ಕಲಿಯಿತು. ಒಮ್ಮೆ ತಲೆಯಿಂದ ಮಂಡಿಯವರೆಗೆ ಬಟ್ಟೆ ಸುತ್ತಿಸಿಕೊಂಡು ನನ್ನ ಕೌಂಟರಿಗೆ ಬಂದು ಕಾಫಿ ಕೇಳಿದ. ಆ ಮಕ್ಕಳು ಅವನನ್ನು ಎಂದೂ ಹೊರೆಯೆಂದು ನೋಡಲಿಲ್ಲ, ಆ ಪುಣ್ಯವನ್ನು ಅವರಿಂದ ಯಾರೂ ಕಿತ್ತುಕೊಳ್ಳಲಾರರು.

ಚಳಿಗಾಲದ ಹೊತ್ತಿಗೆ ಗುಡ್ಡವೇ ಅವನನ್ನು ನೋಡಿಕೊಳ್ಳುವ ಏರ್ಪಾಡಾಗಿತ್ತು. ಬೆಳಿಗ್ಗೆ ಕಿರ್ಸ್ಟಿಯ ಜೊತೆ ಬರುತ್ತಿದ್ದ, ದಿನವೆಲ್ಲ ನನ್ನ ಬಳಿ ಇರುತ್ತಿದ್ದ, ಸಂಜೆ ಅವಳ ಜೊತೆ ಮನೆಗೆ. ಶನಿವಾರ ಮಾತ್ರ ಆರ್ವೊ ಗುಡ್ಡ ಮುಚ್ಚುವ ಹೊತ್ತಿಗೆ ಬಂದು ಅವನನ್ನು ಸೌನಾಕ್ಕೆ ಕರೆದೊಯ್ದು, ಅಲ್ಲೇ ಮಲಗಿಸಿಕೊಂಡು, ಭಾನುವಾರ ಚರ್ಚಿಗೆ ತರುತ್ತಿದ್ದ. ಐವತ್ತು ವರ್ಷದ ಶನಿವಾರಗಳವು. ಓನ್ನಿ ಎಲ್ಲ ಮರೆತರೂ ಶನಿವಾರ ಬಂತೆಂದರೆ ಮಧ್ಯಾಹ್ನವೇ ಟವಲು ಸುತ್ತಿ ಇಟ್ಟುಕೊಳ್ಳುತ್ತಿದ್ದ.

ಮಾರ್ನಿಗೆ ಇದು ಹಿಡಿಸಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದವಳು ಊಟದ ಮೇಜಿನಲ್ಲೇ ಶುರು ಮಾಡಿದಳು. ಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಓನ್ನಿ ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದ.

"ನಮ್ಮನೆ ಹತ್ರ ಒಳ್ಳೆ ವೃದ್ಧಾಶ್ರಮ ಇದೆ. ನರ್ಸ್‌ಗಳಿದಾರೆ, ಬಾಗಿಲಿಗೆ ಬೀಗ ಇದೆ. ನೀನು ಅಪ್ಪನ್ನ ಅಡುಗೆಮನೆ ಬೆಕ್ಕಿನ ಥರ ಸಾಕ್ತಿದೀಯ."

"ಬೀಗ ಹಾಕಿದ್ರೆ ಅಪ್ಪ ಒಂದು ತಿಂಗಳೂ ಬದುಕಲ್ಲ, ಮಾರ್ನಿ."

"ಹೊರಗಡೆ ಬಿಟ್ರೆ ಬದುಕ್ತಾನಾ? ಎಲ್ಲಾದ್ರೂ ಹಿಮದಲ್ಲಿ ಬಿದ್ದಿದ್ರೆ ಯಾರ್ ನೋಡ್ತಾರೆ?"

"ಗುಡ್ಡದಲ್ಲಿ ಇಪ್ಪತ್ತು ಜನ ಇದೀವಿ. ಎಲ್ರೂ ನೋಡ್ತಾರೆ."

"ಎಲ್ರೂ ಅಂದ್ರೆ ಯಾರೂ ಇಲ್ಲ ಅಂತ." ಮಾರ್ನಿ ಕೆಟ್ಟವಳಲ್ಲ, ಹೆದರಿದ್ದಳು.

ಕಿರ್ಸ್ಟಿ ಕೊನೆಗೆ ಬೇಡಿಕೊಂಡಳು. "ಮೇ ತಿಂಗಳವರೆಗೆ ಬಿಡು. ಓದು ಮುಗಿಯುತ್ತೆ, ಇದೇ ಗುಡ್ಡದಲ್ಲಿ ಕೆಲಸ ಕೊಡ್ತೀವಿ ಅಂದಿದಾರೆ. ಆಮೇಲೆ ನಾನೇ ಪೂರ್ತಿ ನೋಡ್ಕೋತೀನಿ. ಅಲ್ಲಿವರೆಗೆ ಒಂದೇ ಒಂದು ತಪ್ಪಾದ್ರೂ ನೀನು ಕರ್ಕೊಂಡು ಹೋಗು, ನಾನು ತುಟಿ ಬಿಚ್ಚಲ್ಲ." ಮಾರ್ನಿ ಒಪ್ಪಿದಳು. ಆ ಚಳಿಗಾಲವೆಲ್ಲ ಕಿರ್ಸ್ಟಿ ಆ ಒಂದು ತಪ್ಪು ಆಗದ ಹಾಗೆ ಕಾಯ್ದಳು. ರಾತ್ರಿ ಅಪ್ಪನ ಕೋಣೆಯ ಬಾಗಿಲಿಗೆ ಅಡ್ಡ ಹಾಸಿಗೆ ಹಾಕಿಕೊಂಡು ಮಲಗುತ್ತಿದ್ದಳಂತೆ.

ಜನವರಿಯಲ್ಲಿ ಮಳೆ ಬಂತು. ಜನವರಿಯಲ್ಲಿ ಮಳೆ ಎಂದರೆ ನಮಗೆ ಮನೆಗೆ ಬೆಂಕಿ ಬಿದ್ದಷ್ಟೇ. ಗುಡ್ಡದ ಮೇಲೆ ಅಲ್ಲಲ್ಲಿ ಹುಲ್ಲು ಕಂಡಿತು. ಮುಂದಿನ ವಾರ ಶಾಲಾ ಮಕ್ಕಳ ಪಂದ್ಯವಿತ್ತು. ಶನಿವಾರದಿಂದ ಶುರುವಾಗುವ ಆ ವಾರ ಕಿರ್ಸ್ಟಿಯ ಯಜಮಾನಿಕೆಯ ಸರದಿ. ಪಂದ್ಯ ರದ್ದಾದರೆ ಊರಿನ ಆ ವರ್ಷದ ಗಳಿಕೆಯೇ ಹೋಯಿತೆಂದು ಎಲ್ಲರ ಮುಖವೂ ಬಾಡಿತ್ತು. ಶುಕ್ರವಾರ ಗಾಳಿ ತಿರುಗಿ, ಶನಿವಾರ ಕೊರೆಯುವ ಚಳಿ ಬಿತ್ತು. ಅಂಥ ಚಳಿಯಲ್ಲಿ ಯಂತ್ರಗಳಿಂದ ನೀರು ಚಿಮ್ಮಿಸಿದರೆ ಅದು ನೆಲ ಮುಟ್ಟುವ ಮೊದಲೇ ಒಳ್ಳೆಯ ಒಣ ಹಿಮವಾಗುತ್ತದೆ. ಕಿರ್ಸ್ಟಿ ನನಗೆ ಫೋನ್ ಮಾಡಿದಳು. ಆ ದಿನ ನಾನು ಜ್ವರದಿಂದ ಮಲಗಿದ್ದೆ.

"ಲೆಂಪಿ ಆಂಟಿ, ಹೊರಗಡೆ ನೋಡಿದ್ರಾ? ಮೂಗು ಉದುರಿ ಹೋಗೋ ಚಳಿ! ಹಿಮ ಚಿಮ್ಮೋ ಎಲ್ಲ ಗನ್ನೂ ಹಚ್ತೀನಿ. ಬೆಳಗಾಗೋದ್ರೊಳಗೆ ಇಡೀ ಗುಡ್ಡ ಬೆಳ್ಳಗೆ ಮಾಡಿಬಿಡ್ತೀನಿ."

"ನಿನ್ನ ಮೂಗು ನೋಡ್ಕೊಳೇ ಮೊದಲು. ನಿಮ್ಮಪ್ಪ ಎಲ್ಲಿ?"

"ಬಾಗಿಲ ಹತ್ರ ಟವಲು ಹಿಡ್ಕೊಂಡು ಕೂತಿದಾನೆ, ಆರ್ವೊ ಅಂಕಲ್‌ಗೆ ಕಾಯ್ತಾ. ಬೆಳಿಗ್ಗೆಯಿಂದಾನೂ ಹಾಗೇ ಕೂತಿದಾನೆ." ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿ ತಿಂಗಳುಗಳೇ ಆಗಿದ್ದವು.

ಆಮೇಲೆ ಏನಾಯಿತೆಂದು ನಾವೆಲ್ಲ ಒಬ್ಬೊಬ್ಬರ ಬಾಯಿಂದ ಕೇಳಿ ಜೋಡಿಸಿಕೊಂಡೆವು. ಆ ಚಳಿಗೆ ಆರ್ವೊನ ಟ್ರಕ್ಕು ಸ್ಟಾರ್ಟೇ ಆಗಲಿಲ್ಲ. ಅವನು ಗುಡ್ಡದ ಆಫೀಸಿಗೆ ಫೋನ್ ಮಾಡಿದ, ಎಲ್ಲರೂ ಹೊರಗೆ ಯಂತ್ರಗಳ ಹತ್ತಿರ ಇದ್ದುದರಿಂದ ಯಾರೂ ಎತ್ತಲಿಲ್ಲ. ಇಂಥ ಚಳಿಯಲ್ಲಿ ಕಿರ್ಸ್ಟಿ ಅಪ್ಪನನ್ನು ಹೇಗೂ ಮನೆಗೆ ಕರೆದೊಯ್ಯುತ್ತಾಳೆ ಎಂದುಕೊಂಡು ಅವನು ಒಬ್ಬನೇ ಸೌನಾ ಕಾಯಿಸಿಕೊಂಡ. ಕಿರ್ಸ್ಟಿ ಗುಡ್ಡ ಮುಚ್ಚುವ ಹೊತ್ತಿಗೆ ಬಂದು ನೋಡಿದಳು. ಬಾಗಿಲ ಬಳಿಯ ಬೆಂಚು ಖಾಲಿಯಿತ್ತು, ಟವಲೂ ಇರಲಿಲ್ಲ. ಅಪ್ಪ ಆರ್ವೊ ಜೊತೆ ಹೋದನೆಂದುಕೊಂಡು ಮತ್ತೆ ಕೆಲಸಕ್ಕೆ ಹೋದಳು. ಶನಿವಾರ ಅಷ್ಟು ಖಚಿತವಾಗಿ ನಡೆಯದಿದ್ದರೆ ಇಬ್ಬರಲ್ಲೊಬ್ಬರು ಇನ್ನೊಮ್ಮೆ ವಿಚಾರಿಸುತ್ತಿದ್ದರು.

ಓನ್ನಿ ಕಾದು ಕಾದು ಎದ್ದಿದ್ದ. ಬಾಗಿಲಿನಿಂದ ಲಿಫ್ಟು ಕಾಣುತ್ತದೆ. ಹಲಗೆ ಮೇಲೆ ಹೋಗುತ್ತಿರುವುದನ್ನು ನೋಡಿರಬೇಕು, ಕೆಲಸ ನೆನಪಾಗಿರಬೇಕು. ಲಿಫ್ಟಿನ ಕೆಳತುದಿಯಲ್ಲಿ ಆ ದಿನ ಕೋಲ್ಟನ್ ಎಂಬ ಮೊದಲ ವರ್ಷದ ಹುಡುಗನಿದ್ದ. ಅವನು ನಿಯಮದಂತೆ ಹಲಗೆ ಕಟ್ಟಿ, ಬೆನ್ನು ತಿರುಗಿಸಿ, ಜನ ಸಾಲು ನಿಲ್ಲುವ ಜಾಗದ ಬಲೆಯ ಬೇಲಿಯನ್ನು ಕಿತ್ತು ಸುರುಳಿ ಸುತ್ತುತ್ತಿದ್ದ. ಓನ್ನಿ ಕೆಲಸದವರ ದಾರಿಯಿಂದ, ಗುಡಿಸಲಿನ ಹಿಂದಿನಿಂದ ಬಂದ. ಕಾಲು ನಿಧಾನವಾದ್ದರಿಂದ ಹಲಗೆ ಆಗಲೇ ಬಹಳ ಮೇಲೆ ಹೋಗಿತ್ತು. ಸಿಕ್ಕ ಕುರ್ಚಿಯಲ್ಲಿ ಕೂತ. ಹಲಗೆ ಮೇಲೆ ತಲುಪಿತು. ಮೇಲಿನ ಹುಡುಗಿ ಲಿಫ್ಟು ನಿಲ್ಲಿಸಿ, ನಿಯಮದಂತೆ ಕೆಳಗೆ ಕಣ್ಣು ಹಾಯಿಸಿದಳು. ಹಿಮದ ಯಂತ್ರಗಳು ಎಬ್ಬಿಸಿದ ಬಿಳಿ ಮಂಜು ಲಿಫ್ಟಿನ ಮಧ್ಯಭಾಗವನ್ನು ಪೂರ್ತಿ ಮುಚ್ಚಿತ್ತು. ಆ ಮಂಜಿನೊಳಗೆ ಓನ್ನಿ ಕೂತಿದ್ದ.

ಭಾನುವಾರ ಬೆಳಿಗ್ಗೆ ಜ್ವರ ಇಳಿದು ನಾನು ಕೆಲಸಕ್ಕೆ ಬಂದೆ. ಯಂತ್ರಗಳನ್ನು ನಿಲ್ಲಿಸಿದ್ದರು. ಗುಡ್ಡ ಹೊಸ ಹಾಸಿಗೆ ಹಾಸಿದ ಹಾಗಿತ್ತು. ಕಿರ್ಸ್ಟಿ ರೆಪ್ಪೆಯ ಮೇಲೆ ಮಂಜುಗಡ್ಡೆ ಕಟ್ಟಿಕೊಂಡು, ಕಾಲೆಳೆಯುತ್ತ, ಆದರೆ ನಗುತ್ತ ಬಂದು ನನ್ನ ಕೈಯಿಂದ ಏಲಕ್ಕಿ ಬ್ರೆಡ್ಡು ಕಸಿದುಕೊಂಡು ತಿನ್ನುತ್ತಲೇ ಲಿಫ್ಟು ಶುರು ಮಾಡಲು ಹೋದಳು. ಗುಂಡಿ ಒತ್ತುವ ಮೊದಲು ತಂತಿಯುದ್ದಕ್ಕೂ ಕಣ್ಣು ಹಾಯಿಸಬೇಕೆಂದು ನಿಯಮ. ಅವಳು ತಲೆ ಎತ್ತಿದ್ದು, ಎತ್ತಿದ ಹಾಗೇ ನಿಂತದ್ದು ನನ್ನ ಕಿಟಕಿಯಿಂದ ಕಂಡಿತು. ಏಪ್ರನ್ನಿನಲ್ಲೇ ಓಡಿದೆ.

ಓನ್ನಿ ಕುರ್ಚಿಯ ಅಡ್ಡಪಟ್ಟಿ ಇಳಿಸಿಕೊಂಡು, ಟವಲನ್ನು ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತಿದ್ದ. ಅಲ್ಲಿ ಎತ್ತರ ಹೆಚ್ಚೇನಿಲ್ಲ, ಕೆಳಗೆ ಮೆತ್ತನೆಯ ಹಿಮ. ಜಿಗಿದಿದ್ದರೆ ಕಾಲು ಮುರಿಯುತ್ತಿತ್ತು, ಜೀವ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷ ಅವನು ಈ ಊರಿನ ಮಕ್ಕಳಿಗೆಲ್ಲ ಕುರ್ಚಿ ಹಿಡಿದು ಹೇಳಿದ್ದು ಒಂದೇ ಮಾತು. ಲಿಫ್ಟು ನಿಂತರೆ ಜಿಗಿಯಬೇಡಿ, ಸುಮ್ಮನೆ ಕೂತಿರಿ, ಯಾರಾದರೂ ಬಂದೇ ಬರುತ್ತಾರೆ. ಅವನು ಸುಮ್ಮನೆ ಕೂತಿದ್ದ.

ಗ್ರೇಡಿ ಓಡಿಬಂದು ಅವಳ ಭುಜ ಹಿಡಿದ. "ನೀನು ಒಳಗೆ ಹೋಗು ಕಿರ್ಸ್ಟಿ. ನಾವು ನೋಡ್ಕೋತೀವಿ."

"ಈ ವಾರ ಗುಡ್ಡ ನಂದು" ಎಂದಳು. "ಅತೀ ನಿಧಾನಕ್ಕೆ ಬಿಡಿ. ಮೇಲೆ ಇಳಿಸ್ಕೋಬೇಕು. ಕುರ್ಚಿ ಅಲ್ಲಾಡಬಾರದು."

ಗ್ರೇಡಿ ಗುಂಡಿ ಒತ್ತಿದ. ಕುರ್ಚಿ ಹೊರಟಿತು. ಕಿರ್ಸ್ಟಿ ಅದರ ಕೆಳಗೆ, ತಾನೇ ಮಾಡಿದ ಹಿಮದಲ್ಲಿ ಮಂಡಿಯವರೆಗೆ ಹೂತುಕೊಳ್ಳುತ್ತ, ಅಪ್ಪನ ಬೂಟುಗಳನ್ನು ನೋಡುತ್ತ, ಕುರ್ಚಿಯ ಜೊತೆಜೊತೆಗೆ ಗುಡ್ಡ ಹತ್ತಿದಳು. ಎಲ್ಲೂ ಹಿಂದೆ ಬೀಳಲಿಲ್ಲ. ಮೇಲೆ ಅವನನ್ನು ಇಳಿಸಿಕೊಂಡವಳೂ ಅವಳೇ. ನಾನು ಕೆಳಗೆ ನಿಂತು ಬಾಯಿ ಬಡಿದುಕೊಂಡು ಅತ್ತೆ. ಕೋಲ್ಟನ್ ಬಲೆಯ ಸುರುಳಿಯ ಮೇಲೆ ಕುಸಿದು ಕೂತು ವಾಂತಿ ಮಾಡಿಕೊಳ್ಳುತ್ತಿದ್ದ.

ಸಂಸ್ಕಾರದ ದಿನ ಚರ್ಚಿನ ನೆಲಮಾಳಿಗೆ ತುಂಬಿತ್ತು. ಜನ ತಟ್ಟೆ ಹಿಡಿದುಕೊಂಡು ಬಂದು, ಅವನಿಗೆ ಇಷ್ಟವಾದ ಜಾಗದಲ್ಲೇ ಹೋದ ಬಿಡು ಎಂದು ಅವಳಿಗೆ ಹೇಳಿದರು. ಒಬ್ಬರಲ್ಲ, ಸಾಲು ಸಾಲು. ನನಗೆ ಅವರ ತಟ್ಟೆ ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು. ಅಂಥ ಚಳಿಯಲ್ಲಿ ಒಬ್ಬನೇ ನೇತಾಡಿಕೊಂಡು ಸಾಯುವುದು ಯಾರಿಗೆ ಇಷ್ಟ? ಆರ್ವೊ ಒಂದು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಮಾರ್ನಿ ತಂಗಿಯ ಹತ್ತಿರ ಬಂದು, "ನಾನು ಹೇಳಿರಲಿಲ್ವಾ" ಎಂದು ಶುರು ಮಾಡಿದವಳು ಅವಳನ್ನು ತಬ್ಬಿಕೊಂಡಳು. ಕಿರ್ಸ್ಟಿ ಅಕ್ಕನ ಬೆನ್ನು ಸವರಿದಳು, ಬಂದವರಿಗೆ ಕಾಫಿ ಸುರಿದಳು, ಕುರ್ಚಿಗಳನ್ನು ಮಡಚಿಟ್ಟಳು. ಅಳಲಿಲ್ಲ, ಅದು ನಿಜ.

ತನಿಖೆಯವರು ಬಂದರು, ಹೋದರು. ಯಾರದೂ ತಪ್ಪಿಲ್ಲವೆಂದರು. ಆಮೇಲೆ ಗುಡ್ಡದ ಸಮಿತಿಯ ಸಭೆ ಸೇರಿತು. ಹಳೆಯ ಪದ್ಧತಿಯೇ ಇದ್ದಿದ್ದರೆ ಓನ್ನಿ ಬದುಕುತ್ತಿದ್ದ, ಪುಸ್ತಕ ಓದಿದವರು ಬಂದು ಕೆಡಿಸಿದರು ಎಂದು ಒಬ್ಬ ಅವಳ ಎದುರಿಗೇ ಹೇಳಿದ. ಕೋಲ್ಟನ್ನನ್ನು ಕಾಲೇಜಿನಿಂದ ತೆಗೆಯಬೇಕೆಂದು ಇನ್ನೊಬ್ಬ. ನಾನು ಕಾಫಿ ತಂದಿಟ್ಟವಳು ಹೊರಗೆ ಹೋಗದೆ ಬಾಗಿಲಲ್ಲೇ ನಿಂತೆ.

ಕಿರ್ಸ್ಟಿ ಎದ್ದು ನಿಂತಳು. "ಕೋಲ್ಟನ್ ನಾನು ಬರೆದದ್ದನ್ನೇ ಮಾಡಿದಾನೆ. ಅವನನ್ನ ಬಿಡಿ. ಬೇಲಿ ಸುತ್ತೋದು ಲಿಫ್ಟ್ ನಿಂತ ಮೇಲೆ ಅಂತ ಸೇರ್ಸಿ. ಉಳಿದಂತೆ ನಿಯಮ ಸರಿಯಾಗೇ ಇದೆ, ಬದಲಾಯಿಸ್ಬೇಡಿ. ಅದು ಮೊದಲಿಂದಾನೂ ಇದ್ದಿದ್ರೆ ನಮ್ಮಪ್ಪನಿಗೆ ಆ ಕುರ್ಚೀಲಿ ಕೂರೋ ಅಭ್ಯಾಸಾನೇ ಇರ್ತಿರ್ಲಿಲ್ಲ." ಹೇಳಿ ಕೂತಳು. ಕಲ್ಲು ಹುಡುಗಿ ಎನ್ನುವ ಹೆಸರು ಗಟ್ಟಿಯಾದದ್ದು ಆ ಸಂಜೆಯಿಂದಲೇ.

ಅವಳು ಓದು ಬಿಡಲಿಲ್ಲ. ಆ ಚಳಿಗಾಲದ ಉಳಿದ ದಿನಗಳಲ್ಲಿ ಒಂದು ದಿನವೂ ಗುಡ್ಡಕ್ಕೆ ತಪ್ಪಿಸಲಿಲ್ಲ. ಮೇ ತಿಂಗಳಲ್ಲಿ ಪದವಿ ಕೊಟ್ಟ ದಿನ ಕಪ್ಪು ನಿಲುವಂಗಿಯಲ್ಲೇ ನನ್ನ ಅಡುಗೆಮನೆಗೆ ಬಂದಳು. ಗುಡ್ಡದ ಕೆಲಸ ಬೇಡವೆಂದು ಬರೆದುಕೊಟ್ಟೆ, ನಾಳೆ ಹೊರಡುತ್ತೇನೆ ಎಂದಳು. ನಾನು ಬೈದೆ. ಊರಿನವರ ಮಾತಿಗೆ ಹೆದರಿ ಓಡುತ್ತೀಯಾ ಎಂದೆ. ಅವಳು ಓನ್ನಿ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂರಲು ಹೋಗಿ, ಕೂರದೆ, ಗೋಡೆಗೊರಗಿ ನಿಂತಳು.

"ಊರಿನೋರ ಮಾತಿಗಲ್ಲ ಆಂಟಿ. ಇದನ್ನ ಯಾರಿಗೂ ಹೇಳಿಲ್ಲ. ಆವತ್ತು ಮೂರನೇ ಗನ್ ಹತ್ರ ಇದ್ದಾಗ ಯಾರೋ ಕರೆದ ಹಾಗೆ ಕೇಳಿಸ್ತು."

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ಆ ಯಂತ್ರದ ಸದ್ದು ನಿಮಗೆ ಗೊತ್ತಲ್ಲ. ಪಕ್ಕದಲ್ಲಿ ನಿಂತು ಕಿರುಚಿದ್ರೂ ಕೇಳ್ಸಲ್ಲ. ಆದ್ರೂ ಕೇಳಿಸ್ತು. ಒಂದು ನಿಮಿಷ ನಿಲ್ಲಿಸಿ ಕೇಳೋಣ ಅಂತ ನೀರಿನ ತಿರುಗಣೆ ಮೇಲೆ ಕೈ ಇಟ್ಟೆ. ಅಂಥ ಚಳೀಲಿ ನೀರು ನಿಲ್ಸಿದ್ರೆ ಪೈಪೊಳಗೇ ಗಟ್ಟಿಯಾಗುತ್ತೆ, ಇಡೀ ಸಾಲು ಹಾಳಾಗುತ್ತೆ. ಮೊದಲನೇ ವಾರಾನೇ ಕಲಿಸ್ತಾರೆ ಅದನ್ನ. ಹಚ್ಚಿದ ಮೇಲೆ ಮುಗಿಯೋವರೆಗೂ ನಿಲ್ಸಬಾರದು ಅಂತ. ನಂಗೆ ಚೆನ್ನಾಗಿ ಗೊತ್ತಿತ್ತು ಆಂಟಿ. ಪರೀಕ್ಷೇಲಿ ನಂಗೇ ಜಾಸ್ತಿ ಮಾರ್ಕ್ಸ್ ಬಂದಿತ್ತು." ಅವಳು ತನ್ನ ಅಂಗೈ ನೋಡಿಕೊಂಡಳು. "ಕೈ ತೆಗೆದುಬಿಟ್ಟೆ."

ಅದು ಗಾಳಿಯೇ ಇರಬೇಕು, ಯಂತ್ರದ ಶಿಳ್ಳೆಯೇ ಇರಬೇಕು, ಅಷ್ಟು ಹೊತ್ತಿಗೆ ಅವನಿಗೆ ಜ್ಞಾನವೇ ಇದ್ದಿರಲಾರದು ಎಂದೆಲ್ಲ ಹೇಳಲು ನಾನು ಬಾಯಿ ತೆರೆದೆ. ಅವಳು ಆಗ ಅತ್ತಳು. ಗೋಡೆಗೊರಗಿದವಳು ಹಾಗೇ ಜಾರಿ ನೆಲದ ಮೇಲೆ ಕೂತು, ಆ ಕಪ್ಪು ನಿಲುವಂಗಿಯನ್ನು ಬಾಯಿಗೆ ತುರುಕಿಕೊಂಡು, ನಾನು ಈ ಜನ್ಮದಲ್ಲಿ ಇನ್ನೊಮ್ಮೆ ಕೇಳಬಾರದಂಥ ಅಳು ಅತ್ತಳು. ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ, ತಲೆಯನ್ನು ಮಡಿಲಿಗೆ ಎಳೆದುಕೊಂಡೆ.

ಬಹಳ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಂಡು ಕಿಟಕಿಯ ಕಡೆ ನೋಡಿದಳು. ಹೊರಗೆ ಗುಡ್ಡವೆಲ್ಲ ಹಸಿರಾಗಿತ್ತು.

"ಆವತ್ತು ಮಾಡಿದಷ್ಟು ಒಳ್ಳೆ ಹಿಮ ಈ ಗುಡ್ಡದಲ್ಲಿ ಯಾರೂ ಮಾಡಿಲ್ವಂತೆ. ಗ್ರೇಡಿ ಹೇಳಿದ್ರು" ಎಂದಳು. "ಏಪ್ರಿಲ್ ಮುಗಿಯೋವರೆಗೂ ಕರಗಲೇ ಇಲ್ಲ ಆಂಟಿ. ದಿನಾ ಅದರ ಮೇಲೇ ಓಡಾಡಿದೀನಿ."